ಯಂತ್ರದ ಬುದ್ಧಿ, ಮನುಷ್ಯನ ಕಣ್ಣು

ಯಂತ್ರವು ಮನುಷ್ಯನ ತೋಳಿಗೆ ನೆರವಾದದ್ದು ಹಳೆಯ ಕಥೆ. ಅದು ಅವನ ಕಣ್ಣಿಗೂ ಊಹೆಗೂ ನೆರವಾಗತೊಡಗಿರುವುದು ನಮ್ಮ ಕಾಲದ ಕಥೆ. ಕಳೆದ ಐದಾರು ವರ್ಷಗಳಲ್ಲಿ ವೈದ್ಯಕ್ಕೂ ಹವಾಮಾನಕ್ಕೂ ಸಂಬಂಧಿಸಿದಂತೆ ಬಂದಿರುವ ಸುದ್ದಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಯಾರಿಗಾದರೂ ಬೆರಗಾಗಬೇಕು. ಜೀವಕೋಶದೊಳಗಿನ ಪ್ರೋಟೀನಿನ ಆಕಾರವನ್ನು ಯಂತ್ರ ಹೇಳುತ್ತದೆ; ಎಕ್ಸ್-ರೇ ಚಿತ್ರದಲ್ಲಿ ಅಡಗಿರುವ ಕ್ಯಾನ್ಸರನ್ನು ಯಂತ್ರ ತೋರಿಸುತ್ತದೆ; ಮುಂದಿನ ಹತ್ತು ದಿನಗಳ ಗಾಳಿಮಳೆಗಳನ್ನು ಯಂತ್ರ ಒಂದು ನಿಮಿಷದೊಳಗೆ ಲೆಕ್ಕ ಹಾಕಿ ಮುಂದಿಡುತ್ತದೆ. ಇದನ್ನು ಕೇಳಿದವರಲ್ಲಿ ಕೆಲವರು, ಇನ್ನು ಮನುಷ್ಯನಿಗೆ ಕಷ್ಟವೇ ಇಲ್ಲವೆಂದು ಹಿಗ್ಗುತ್ತಾರೆ. ಕೆಲವರು, ಇನ್ನು ಮನುಷ್ಯನಿಗೆ ಕೆಲಸವೇ ಇಲ್ಲವೆಂದು ಕುಗ್ಗುತ್ತಾರೆ. ಹಿಗ್ಗುವುದಕ್ಕೂ ಕುಗ್ಗುವುದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದು ಉಳಿದಿದೆಯೆಂದು ನನಗೆ ತೋರುತ್ತದೆ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಹಳೆಯ ಕೃತಿಯೊಂದು ಕೈಗೆ ಬಂದರೆ ನಮ್ಮವರು ಮೊದಲು ವಿಚಾರಿಸುವುದು ಅದರ ಆಕರವನ್ನು. ಕವಿ ಯಾವ ಮೂಲವನ್ನು ಕಂಡು ಬರೆದ, ಲಿಪಿಕಾರ ಯಾವ ಓಲೆಯನ್ನು ನೋಡಿ ಪ್ರತಿಮಾಡಿದ, ಎಲ್ಲಿ ಓಲೆ ಮುರಿದಿತ್ತು, ಮುರಿದ ಕಡೆ ಅವನು ಏನು ಮಾಡಿದ—ಇವನ್ನು ತಿಳಿಯದೆ ಪಾಠ ನಿಲ್ಲದು. ಕೃತಕ ಬುದ್ಧಿಮತ್ತೆಯ ಯಂತ್ರಗಳನ್ನು ಕುರಿತೂ ಇದೇ ಪ್ರಶ್ನೆಯನ್ನು ಕೇಳಬಹುದು: ಇವು ಕಲಿತದ್ದು ಎಲ್ಲಿಂದ? ಉತ್ತರ ಹುಡುಕುತ್ತ ಹೋದರೆ, ಹೊಸ ಯಂತ್ರದ ಬೆನ್ನಿಗೆ ಬಹಳ ಹಳೆಯದಾದ, ಬಹಳ ನಿಧಾನವಾದ ಮನುಷ್ಯಪ್ರಯತ್ನವೊಂದು ಕಾಣಿಸುತ್ತದೆ.

ಮೊದಲು ಪ್ರೋಟೀನಿನ ವಿಚಾರ. ನಮ್ಮ ದೇಹದ ಬಹುಪಾಲು ಕೆಲಸಗಳನ್ನು ನಡೆಸುವುದು ಪ್ರೋಟೀನುಗಳು. ಪ್ರತಿಯೊಂದು ಪ್ರೋಟೀನೂ ಅಮೈನೋ ಆಮ್ಲಗಳ ಒಂದು ಸರ. ಆ ಸರವು ತನ್ನಷ್ಟಕ್ಕೆ ತಾನೇ ಮಡಿಚಿಕೊಂಡು ಒಂದು ನಿಶ್ಚಿತ ಆಕಾರವನ್ನು ತಾಳುತ್ತದೆ. ಔಷಧ ಎಲ್ಲಿ ಹೋಗಿ ಅಂಟಬೇಕು, ರೋಗ ಎಲ್ಲಿ ಕೆಡಿಸಿದೆ ಎಂಬುದೆಲ್ಲ ಈ ಆಕಾರವನ್ನು ಅವಲಂಬಿಸಿದೆ. ಇದನ್ನು ಕಾಣುವುದು ಎಷ್ಟು ಕಷ್ಟವೆಂದರೆ, ಮ್ಯಾಕ್ಸ್ ಪೆರುಟ್ಸ್ ಕೇಂಬ್ರಿಡ್ಜಿನಲ್ಲಿ 1937ರಲ್ಲಿ ರಕ್ತದ ಹಿಮೋಗ್ಲೋಬಿನನ್ನು ಹಿಡಿದು ಕುಳಿತವರು ಅದರ ಆಕಾರವನ್ನು ಕಂಡದ್ದು 1959ರಲ್ಲಿ. ಒಂದು ಪ್ರೋಟೀನು, ಇಪ್ಪತ್ತೆರಡು ವರ್ಷ! ಅವರಿಗೂ, ಜೊತೆಯಲ್ಲಿ ಮಯೋಗ್ಲೋಬಿನಿನ ರಚನೆಯನ್ನು ಬಿಡಿಸಿದ ಜಾನ್ ಕೆಂಡ್ರೂ ಅವರಿಗೂ 1962ರ ನೊಬೆಲ್ ಪಾರಿತೋಷಕ ಸಂದಿತು. ಇಂಥ ರಚನೆಗಳನ್ನೆಲ್ಲ ಒಂದೆಡೆ ಕೂಡಿಡುವ ಭಂಡಾರವೊಂದು 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ನಿನಲ್ಲಿ ಪ್ರಾರಂಭವಾಯಿತು. ಮೊದಲು ಅದರಲ್ಲಿದ್ದುವು ಏಳು ರಚನೆಗಳು ಮಾತ್ರ. ದೇಶದೇಶಗಳ ಪ್ರಯೋಗಶಾಲೆಗಳವರು ತಾವು ಕಂಡದ್ದನ್ನು ಬಚ್ಚಿಡದೆ ಅಲ್ಲಿಗೆ ತಂದು ಒಪ್ಪಿಸುತ್ತ ಬಂದರು. ಐವತ್ತು ವರ್ಷಗಳಲ್ಲಿ ಆ ಸಂಖ್ಯೆ ಸುಮಾರು 1,70,000ಕ್ಕೆ ಏರಿತು.

ಆಲ್ಫಾಫೋಲ್ಡ್ ಎಂಬ ಯಂತ್ರಬುದ್ಧಿ ಪಾಠ ಕಲಿತದ್ದು ಈ ಭಂಡಾರದಲ್ಲಿ. ಸರವನ್ನು ಕೊಟ್ಟರೆ ಆಕಾರವನ್ನು ಊಹಿಸುವ ಸ್ಪರ್ಧೆಯೊಂದು 1994ರಿಂದ ಎರಡು ವರ್ಷಕ್ಕೊಮ್ಮೆ ನಡೆದುಬಂದಿದೆ. 2020ರ ಸ್ಪರ್ಧೆಯಲ್ಲಿ ಆಲ್ಫಾಫೋಲ್ಡ್ ಮಿಕ್ಕವರೆಲ್ಲರನ್ನೂ ಬಹುದೂರ ಹಿಂದಿಕ್ಕಿತು. 2022ರ ಹೊತ್ತಿಗೆ ಇಪ್ಪತ್ತು ಕೋಟಿಗೂ ಮಿಕ್ಕ ಪ್ರೋಟೀನುಗಳ ಊಹಿತ ಆಕಾರಗಳು ಎಲ್ಲರಿಗೂ ಉಚಿತವಾಗಿ ದೊರೆಯುವಂತಾದುವು. ಅದನ್ನು ರೂಪಿಸಿದ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ಇಬ್ಬರೂ, ಹೊಸ ಪ್ರೋಟೀನುಗಳನ್ನೇ ಕಟ್ಟುವ ವಿಧಾನವನ್ನು ಕಂಡುಹಿಡಿದ ಡೇವಿಡ್ ಬೇಕರ್ ಅವರೊಡನೆ, 2024ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಈ ಕಥೆಯಲ್ಲಿ ನಮ್ಮವರ ಪಾಲೂ ಒಂದಿದೆ. 1963ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್ ಅವರು ತಮ್ಮ ಸಹೋದ್ಯೋಗಿಗಳಾದ ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡನೆ, ಪ್ರೋಟೀನಿನ ಸರ ಯಾವ ಯಾವ ಕೋನಗಳಲ್ಲಿ ಬಾಗಬಲ್ಲುದು, ಯಾವುವುಗಳಲ್ಲಿ ಬಾಗಲಾರದು ಎಂಬುದನ್ನು ಒಂದು ನಕ್ಷೆಯಲ್ಲಿ ತೋರಿಸಿದರು. ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಇಂದಿಗೂ ಯಾವುದಾದರೂ ಪ್ರೋಟೀನಿನ ರಚನೆ ಸರಿಯೇ ತಪ್ಪೇ ಎಂದು ಒರೆಹಚ್ಚಬೇಕಾದರೆ, ಅದು ಮನುಷ್ಯ ಕಂಡದ್ದಾಗಲಿ ಯಂತ್ರ ಊಹಿಸಿದ್ದಾಗಲಿ, ರಾಮಚಂದ್ರನ್ ನಕ್ಷೆಯ ಮುಂದೆ ಅದನ್ನು ಇಡುತ್ತಾರೆ. ಮಿಂಚಿನಂತೆ ಬಂದದ್ದೆಂದು ತೋರುವ ಆವಿಷ್ಕಾರದ ಹಿಂದೆ ಎಷ್ಟು ದಿನದ ಮೋಡ ಕಟ್ಟಿತ್ತು!

ಮೋಡವೆಂದ ಮೇಲೆ ಹವಾಮಾನದ ಮಾತಿಗೆ ಬರಬಹುದು. ನಾಳಿನ ಗಾಳಿಮಳೆಯನ್ನು ಗಣಿತದಿಂದ ಹೇಳಬಹುದೆಂದು ತೋರಿಸಲು ಹೊರಟವರಲ್ಲಿ ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಪ್ರಮುಖರು. ಮೊದಲನೆಯ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸುವ ಸೇವೆಯಲ್ಲಿದ್ದಾಗ ಅವರು ಕೈಯಿಂದಲೇ ಒಂದು ಲೆಕ್ಕ ಮಾಡಿದರು. ಆರು ಗಂಟೆಗಳಲ್ಲಿ ಗಾಳಿಯ ಒತ್ತಡ ಎಷ್ಟು ಬದಲಾದೀತು ಎಂಬ ಲೆಕ್ಕ ಅದು. ಉತ್ತರ 145 ಮಿಲಿಬಾರು ಎಂದು ಬಂತು. ನಿಜವಾಗಿ ಒತ್ತಡ ಬದಲಾಗಿಯೇ ಇರಲಿಲ್ಲವೆನ್ನಬಹುದು. 1922ರಲ್ಲಿ ಅವರು ಅದನ್ನು ಮುಚ್ಚಿಡದೆ ಪುಸ್ತಕದಲ್ಲಿ ಅಚ್ಚುಹಾಕಿಸಿದರು. 64,000 ಮಂದಿ ಗಣಕರು ಒಂದೇ ಸಭಾಂಗಣದಲ್ಲಿ ಕುಳಿತು ಗುಣಿಸಿ ಭಾಗಿಸಿದರೆ ಲೋಕದ ಹವೆಯೊಡನೆ ಓಡಬಹುದೆಂಬ ಕನಸನ್ನೂ ಅದರಲ್ಲಿ ಬರೆದರು. ಆ ಗಣಕರ ಸ್ಥಾನವನ್ನು ಮುಂದೆ ಕಂಪ್ಯೂಟರು ತುಂಬಿತು. ಭೌತಶಾಸ್ತ್ರದ ಸಮೀಕರಣಗಳನ್ನು ಭಾರಿ ಕಂಪ್ಯೂಟರುಗಳು ಗಂಟೆಗಟ್ಟಲೆ ಬಿಡಿಸುವ ಪದ್ಧತಿ ಬೆಳೆಯಿತು.

2023ರಲ್ಲಿ ಪ್ರಕಟವಾದ ಗ್ರಾಫ್‌ಕಾಸ್ಟ್ ಎಂಬ ಯಂತ್ರಬುದ್ಧಿ ಹಿಡಿದ ದಾರಿ ಬೇರೆ. ಅದು ಸಮೀಕರಣಗಳನ್ನು ಬಿಡಿಸುವುದಿಲ್ಲ. 1979ರಿಂದ 2017ರವರೆಗಿನ 39 ವರ್ಷಗಳ ಹವಾಮಾನದ ದಾಖಲೆಯನ್ನು ಓದಿ, ಇಂಥ ದಿನದ ಬೆನ್ನಿಗೆ ಎಂಥ ದಿನ ಬರುತ್ತದೆಂಬುದನ್ನು ಕಲಿತುಕೊಂಡಿತು. ಹತ್ತು ದಿನಗಳ ಮುನ್ಸೂಚನೆಗೆ ಅದಕ್ಕೆ ಒಂದು ನಿಮಿಷವೂ ಬೇಡ. ಆ ವರ್ಷದ ಲೀ ಎಂಬ ಚಂಡಮಾರುತ ಕೆನಡಾದ ನೋವಾ ಸ್ಕೋಷಿಯಾ ತೀರವನ್ನು ಮುಟ್ಟುವುದೆಂದು ಅದು ಒಂಬತ್ತು ದಿನ ಮೊದಲೇ ಹೇಳಿತು. ಇದೇ ಬಗೆಯ ಇನ್ನೊಂದು ಯಂತ್ರವನ್ನು ಐರೋಪ್ಯ ಹವಾಮಾನ ಕೇಂದ್ರದವರು ತಾವೇ ನಿರ್ಮಿಸಿ, 2025ರ ಫೆಬ್ರವರಿ 25ರಂದು ಹಳೆಯ ಪದ್ಧತಿಯ ಪಕ್ಕದಲ್ಲಿಯೇ ಬಳಕೆಗೆ ತಂದರು. ಪಕ್ಕದಲ್ಲಿ ಎಂಬ ಮಾತನ್ನು ಓದುಗರು ಗಮನಿಸಬೇಕು. ಹಳೆಯದನ್ನು ಅವರು ಬಿಟ್ಟುಕೊಡಲಿಲ್ಲ.

ಆ 39 ವರ್ಷದ ದಾಖಲೆ ಆಕಾಶದಿಂದ ಇಳಿದುಬಂದದ್ದಲ್ಲ. ಹಡಗಿನವರು ಸಮುದ್ರದಲ್ಲಿ ಬರೆದಿಟ್ಟದ್ದು, ಉಪಗ್ರಹಗಳು ನೋಡಿದ್ದು, ಲೋಕದ ನೂರಾರು ಠಾಣೆಗಳಲ್ಲಿ ನೌಕರರು ಬೆಲೂನು ಹಾರಿಬಿಟ್ಟು ಅಳೆದದ್ದು ಇವೆಲ್ಲ ಸೇರಿ ಆದದ್ದು ಅದು. ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಯಂತ್ರ ಎಷ್ಟೇ ಕಲಿತಿರಲಿ, ನಾಳೆಯನ್ನು ಹೇಳಬೇಕಾದರೆ ಇವತ್ತು ಹೇಗಿದೆ ಎಂಬುದನ್ನು ಅದಕ್ಕೆ ಯಾರಾದರೂ ಹೇಳಬೇಕು. ಇವತ್ತಿನ ಗಾಳಿಯನ್ನು ಅಳೆಯದಿದ್ದರೆ ನಾಳಿನ ಗಾಳಿಯ ಲೆಕ್ಕ ಹುಟ್ಟುವುದಿಲ್ಲ. ಹೀಗಿರುವಾಗ, 2025ರ ಮೊದಲ ತಿಂಗಳುಗಳಲ್ಲಿ ಅಮೆರಿಕದ ಹವಾಮಾನ ಇಲಾಖೆ ಕೆಲಸಗಾರರ ಕೊರತೆಯಿಂದ ಕೆಲವು ಠಾಣೆಗಳಲ್ಲಿ ಬೆಲೂನು ಬಿಡುವುದನ್ನು ಕಡಮೆ ಮಾಡಿತು. ಅಲಾಸ್ಕಾದ ಕೊಟ್ಜೆಬ್ಯೂ ಎಂಬಲ್ಲಿ ಪೂರ್ತಿಯಾಗಿ ನಿಲ್ಲಿಸಿತು. ಒಂದು ಕಡೆ ಯಂತ್ರದ ಬುದ್ಧಿ ಬೆಳೆಯುತ್ತಿದೆಯೆಂಬ ಜಯಘೋಷ, ಮತ್ತೊಂದು ಕಡೆ ಅದರ ಕಣ್ಣುಗಳನ್ನು ಒಂದೊಂದಾಗಿ ಮುಚ್ಚುವ ಮಿತವ್ಯಯ!

ಇದು ಹೊಸ ರೋಗವೂ ಅಲ್ಲ. ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ 1958ರ ಮಾರ್ಚಿನಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ವಿಜ್ಞಾನಿ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಅಳೆಯತೊಡಗಿದರು. ಆಗ ಹತ್ತು ಲಕ್ಷ ಭಾಗಗಳಲ್ಲಿ ಅದು ಸುಮಾರು 315 ಭಾಗವಿತ್ತು. ಗಿಡಮರಗಳು ಚಿಗುರಿದಾಗ ಇಳಿದು, ಎಲೆಯುದುರಿದಾಗ ಏರಿ, ವರ್ಷವರ್ಷವೂ ಒಂದಿಷ್ಟು ಮೇಲೆ ನಿಲ್ಲುವ ಆ ರೇಖೆಯನ್ನು ಇಂದು ಲೋಕವೆಲ್ಲ ಬಲ್ಲುದು. ಭೂಮಿ ಕಾಯುತ್ತಿರುವುದಕ್ಕೆ ಕಾರಣವೇನೆಂದು ತಿಳಿಸುವ ಮುಖ್ಯ ಸಾಕ್ಷ್ಯ ಅದು. ಆದರೆ 1964ರ ವಸಂತದಲ್ಲಿ ಆ ರೇಖೆ ಸ್ವಲ್ಪ ಕಾಲ ತುಂಡಾಗಿದೆ. ಕಾರಣ ಬೇರೇನೂ ಅಲ್ಲ, ಹಣ ನಿಂತದ್ದು. 2022ರ ನವೆಂಬರಿನಲ್ಲಿ ಜ್ವಾಲಾಮುಖಿ ಸಿಡಿದು ದಾರಿಯೂ ವಿದ್ಯುತ್ತಂತಿಯೂ ಕಡಿದುಹೋದಾಗ, ಪಕ್ಕದ ಮೌನಾ ಕಿಯಾ ಪರ್ವತಕ್ಕೆ ಉಪಕರಣವನ್ನು ಹೊತ್ತು ಲೆಕ್ಕವನ್ನು ಮುಂದುವರಿಸಿದರು. 2025ರ ಮೇ ತಿಂಗಳಲ್ಲಿ ಆ ಸಂಖ್ಯೆ 430ನ್ನು ದಾಟಿತು. ಅದೇ ವರ್ಷ ಅಮೆರಿಕದ ಸರಕಾರ ಮುಂದಿಟ್ಟ ಆಯವ್ಯಯದ ಪ್ರಸ್ತಾವದಲ್ಲಿ ಈ ವೀಕ್ಷಣಾಲಯವನ್ನು ನಡೆಸುವ ಸಂಶೋಧನ ವಿಭಾಗವನ್ನೇ ತೆಗೆದುಹಾಕುವ ಮಾತಿತ್ತು. ಜ್ವಾಲಾಮುಖಿಯನ್ನು ಗೆದ್ದ ಲೆಕ್ಕ ಲೇಖನಿಯ ಒಂದು ಗೀಟಿಗೆ ಅಂಜಬೇಕಾಯಿತು.

ಹೊರಗಿನವರ ಮಾತು ಹಾಗಿರಲಿ, ನಮ್ಮ ದೇಶಕ್ಕೆ ಬರೋಣ. ನಮ್ಮ ರೈತರು ಮಳೆಗೆ ನಕ್ಷತ್ರದ ಹೆಸರಿಟ್ಟು ವರ್ಷವನ್ನು ಹಂಚಿಕೊಂಡವರು. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರೆ, ಆರಿದ್ರೆ ಎಂದು ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ. ಯಾವ ಮಳೆಗೆ ಯಾವ ಬಿತ್ತನೆ ಎಂಬ ಗಾದೆಗಳಲ್ಲಿ ಎಷ್ಟೋ ತಲೆಮಾರುಗಳ ನೋಟ ಅಡಕವಾಗಿದೆ. ಕಾಲ ಕೆಟ್ಟಿತೆಂದು ಹಳ್ಳಿಯ ಹಿರಿಯರು ಹೇಳುವಾಗ, ಆ ಪಂಚಾಂಗಕ್ಕೂ ಆಕಾಶಕ್ಕೂ ಹೊಂದಾಣಿಕೆ ತಪ್ಪುತ್ತಿದೆಯೆಂಬ ಸಂಕಟ ಅದರಲ್ಲಿರುತ್ತದೆ. ಈ ಸಂಕಟಕ್ಕೆ ಯಂತ್ರಬುದ್ಧಿಯಿಂದ ಒಂದು ಪರಿಹಾರ ದೊರೆಯಬಹುದೇ ಎಂದು 2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಒಂದು ಪ್ರಯೋಗ ನಡೆಸಿತು. ಮಳೆ ಯಾವಾಗ ನೆಲೆಗೊಂಡೀತು ಎಂಬುದನ್ನು ನಾಲ್ಕು ವಾರಗಳಷ್ಟು ಮುಂಚೆ ಲೆಕ್ಕ ಹಾಕಿ, 13 ರಾಜ್ಯಗಳ ಸುಮಾರು 3.8 ಕೋಟಿ ರೈತರ ಮೊಬೈಲುಗಳಿಗೆ ಸಂದೇಶ ಕಳುಹಿಸಿತು. ಆ ವರ್ಷ ಮುಂಗಾರು ಮುಂಚೆಯೇ ಬಂದು ನಡುವೆ ಇಪ್ಪತ್ತು ದಿನ ತಡೆದು ನಿಂತಿತು. ಆ ತಡೆಯನ್ನು ಮುನ್ಸೂಚನೆ ಸರಿಯಾಗಿ ಗುರುತಿಸಿತ್ತು. ಮೊದಲ ಮಳೆಗೇ ಬೀಜ ಚೆಲ್ಲಿ ಆಮೇಲೆ ಬಾನು ನೋಡುವವನ ಕಷ್ಟವನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ಈ ಪ್ರಯೋಗದ ಆಕರವನ್ನು ವಿಚಾರಿಸಿದರೆ ಮತ್ತೆ ಅದೇ ಉತ್ತರ. ವಿದೇಶದ ಎರಡು ಯಂತ್ರಮಾದರಿಗಳೊಡನೆ ನಮ್ಮ ಹವಾಮಾನ ಇಲಾಖೆಯ 125 ವರ್ಷಗಳ ಮಳೆಯ ಲೆಕ್ಕವನ್ನು ಬೆರೆಸಿದ್ದರಿಂದ ಅದು ಸಾಧ್ಯವಾಯಿತು. 1875ರಲ್ಲಿ ಸ್ಥಾಪನೆಯಾದ ಇಲಾಖೆ ಅದು. ಯಾವುದೋ ತಾಲ್ಲೂಕು ಕಚೇರಿಯ ಅಂಗಳದಲ್ಲಿ, ಬೆಳಗಿನ ಎಂಟೂವರೆಗೆ, ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ಪುಸ್ತಕದಲ್ಲಿ ಬರೆದ ಗುಮಾಸ್ತನಿಗೆ ತನ್ನ ಲೆಕ್ಕ ಮುಂದೆ ಎಲ್ಲಿಗೆ ಹೋಗಿ ಮುಟ್ಟೀತೆಂಬ ಕಲ್ಪನೆ ಇದ್ದಿರಲಾರದು. ಮಳೆ ಬಾರದ ದಿನ ಸೊನ್ನೆಯನ್ನೂ ತಪ್ಪದೆ ಬರೆದವನು ಅವನು. ಕರ್ನಾಟಕದಲ್ಲಿ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತಿಗೊಂದರಂತೆ ಸುಮಾರು 6,500 ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದ್ದಾರೆ. ಮೇಲಿನಿಂದ ನೋಡುವ ಕಣ್ಣುಗಳೂ ಹೆಚ್ಚಿವೆ. ಬೆಂಗಳೂರಿನಲ್ಲಿ ಜೋಡಣೆಯಾಗಿ 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ನಿಸಾರ್ ಉಪಗ್ರಹ, ಭಾರತ ಅಮೆರಿಕಗಳ ಕೂಡುಕೆಲಸ. ಮೋಡವನ್ನು ತೂರಿ ನೋಡುವ ಅದರ ರೇಡಾರು, ಭೂಮಿಯ ನೆಲವನ್ನೂ ಹಿಮವನ್ನೂ 12 ದಿನಕ್ಕೆ ಎರಡು ಸಲ ನಿರುಕಿಸುವಂತೆ ರೂಪಿತವಾದದ್ದು.

ಆದರೆ ಆ 3.8 ಕೋಟಿ ಸಂದೇಶಗಳು ಹೋದದ್ದು ಹಿಂದಿ, ಒಡಿಯಾ, ಮರಾಠಿ, ಬಂಗಾಳಿ, ಪಂಜಾಬಿ ಎಂಬ ಐದು ಭಾಷೆಗಳಲ್ಲಿ. ಕನ್ನಡ ಅವುಗಳಲ್ಲಿ ಇರಲಿಲ್ಲ. ಇದನ್ನು ಭಾಷಾಭಿಮಾನದ ಮುನಿಸಾಗಿ ಹೇಳುತ್ತಿಲ್ಲ. ಅದು ಪ್ರಯೋಗದ ಮೊದಲ ಹೆಜ್ಜೆ, ಮುಂದಿನ ಹೆಜ್ಜೆಗಳು ಉಳಿದಿವೆ. ನನಗೆ ಮುಖ್ಯವೆಂದು ತೋರುವುದು, ಮುನ್ಸೂಚನೆಯ ಸತ್ಯ ಗಣಿತದಲ್ಲಿ ಮುಗಿಯುವುದಿಲ್ಲ ಎಂಬುದು. ಮಳೆ ಬರುವ ಸಂಭವ ನೂರಕ್ಕೆ ಎಪ್ಪತ್ತು ಎಂಬುದನ್ನು ಬಿತ್ತುವವನಿಗೆ ಅರ್ಥವಾಗುವ ಮಾತಿನಲ್ಲಿ, ಭರವಸೆಯನ್ನೂ ಕೊಡದೆ ಬೆದರಿಕೆಯನ್ನೂ ಹಾಕದೆ ಹೇಳುವುದು ಸುಲಭವಲ್ಲ. ಅದು ಭಾಷೆಯ ಕೆಲಸ. ನಮ್ಮಂಥವರು ಹೆಗಲು ಕೊಡಬೇಕಾದ ಕೆಲಸ.

ಇನ್ನು ವೈದ್ಯ. ಇಲ್ಲಿ ಲಾಭವೂ ಎಚ್ಚರಿಕೆಯೂ ಅಕ್ಕಪಕ್ಕದಲ್ಲಿಯೇ ನಿಂತಿವೆ. ಸ್ವೀಡನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರನ್ನೊಳಗೊಂಡ ಪರೀಕ್ಷೆಯೊಂದು ನಡೆಯಿತು. ಸ್ತನದ ಎಕ್ಸ್-ರೇ ಚಿತ್ರವನ್ನು ಇಬ್ಬರು ವೈದ್ಯರು ಓದುವ ವಾಡಿಕೆಯ ಬದಲು, ಯಂತ್ರ ಮೊದಲು ಓದಿ ಸಂದೇಹವಿದ್ದವನ್ನು ಮಾತ್ರ ಇಬ್ಬರಿಗೆ, ಉಳಿದವನ್ನು ಒಬ್ಬರಿಗೆ ಒಪ್ಪಿಸಿತು. 2025ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕ್ಯಾನ್ಸರು ಪತ್ತೆಯಾದದ್ದು ನೂರಕ್ಕೆ 29ರಷ್ಟು ಹೆಚ್ಚಿತು; ವೈದ್ಯರು ಚಿತ್ರ ಓದುವ ಶ್ರಮ ನೂರಕ್ಕೆ 44ರಷ್ಟು ತಗ್ಗಿತು. ವೈದ್ಯರ ಕೊರತೆಯಿರುವ ನಾಡುಗಳಿಗೆ ಇದು ಸಣ್ಣ ಸಮಾಚಾರವಲ್ಲ.

ಅದೇ ವರ್ಷ ಪೋಲೆಂಡಿನಿಂದ ಬಂದ ಸಮಾಚಾರ ಬೇರೊಂದು ಬಗೆಯದು. ದೊಡ್ಡ ಕರುಳಿನೊಳಕ್ಕೆ ಕ್ಯಾಮರಾ ಇಳಿಸಿ, ಮುಂದೆ ಕ್ಯಾನ್ಸರಾಗಬಹುದಾದ ಗಂಟುಗಳನ್ನು ಹುಡುಕುವ ಪರೀಕ್ಷೆ ಉಂಟಷ್ಟೆ. ಅಲ್ಲಿಯ ನಾಲ್ಕು ಕೇಂದ್ರಗಳಲ್ಲಿ, ಗಂಟನ್ನು ತೋರಿಸಿಕೊಡುವ ಯಂತ್ರಬುದ್ಧಿ ಬಳಕೆಗೆ ಬಂತು. ಅದು ಬರುವ ಮುಂಚೆ, ವೈದ್ಯರು ತಮ್ಮ ಕಣ್ಣಿನಿಂದಲೇ ನಡೆಸಿದ ನೂರು ಪರೀಕ್ಷೆಗಳಲ್ಲಿ ಸುಮಾರು 28ರಲ್ಲಿ ಗಂಟು ಸಿಗುತ್ತಿತ್ತು. ಯಂತ್ರ ರೂಢಿಯಾದ ಮೇಲೆ, ಅದಿಲ್ಲದೆ ನಡೆಸಿದ ಪರೀಕ್ಷೆಗಳಲ್ಲಿ ಆ ಸಂಖ್ಯೆ ಸುಮಾರು 22ಕ್ಕೆ ಇಳಿಯಿತು. ಒಂದೇ ಅಧ್ಯಯನದಿಂದ ಕಾರಣವನ್ನು ನಿಶ್ಚಯಿಸಿಬಿಡುವುದು ಸಲ್ಲದು. ಆದರೆ ಯಂತ್ರ ತೋರಿಸುತ್ತದೆಂಬ ನೆಚ್ಚಿಗೆಯಲ್ಲಿ ಕಣ್ಣು ತನ್ನ ಹುರುಪನ್ನು ಕಳೆದುಕೊಳ್ಳುವ ಸಂಭವ ನಮಗೆ ಅಪರಿಚಿತವೇ? ಶಬ್ದಾರ್ಥಕ್ಕೆ ಕೈಪಿಡಿಯನ್ನೇ ನೆಚ್ಚಿದ ವಿದ್ಯಾರ್ಥಿ, ಕೈಪಿಡಿ ಇಲ್ಲದ ದಿನ ಹಳಗನ್ನಡದ ಪದ್ಯದ ಮುಂದೆ ತಬ್ಬಿಬ್ಬಾಗುವುದನ್ನು ನಾವು ತರಗತಿಯಲ್ಲಿ ನೋಡುತ್ತಲೇ ಇದ್ದೇವೆ.

ಉಪಕರಣದ ಕಣ್ಣಿಗೂ ಕುರುಡುಂಟು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಪುಟ್ಟ ಯಂತ್ರ ಕೋವಿಡ್ಡಿನ ಕಾಲದಲ್ಲಿ ಮನೆಮನೆಗೂ ಬಂತು. ಅದರ ತತ್ತ್ವವನ್ನು 1970ರ ದಶಕದ ಮೊದಲಲ್ಲಿ ಕಂಡುಹಿಡಿದವರು ಜಪಾನಿನ ತಕುಓ ಅಓಯಾಗಿ ಎಂಬ ಎಂಜಿನಿಯರು. ಎಷ್ಟು ಜೀವಗಳನ್ನು ಅದು ಉಳಿಸಿತೆಂದು ಎಣಿಸಲಾಗದು. ಆದರೆ 2020ರ ಡಿಸೆಂಬರಿನಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ಅಧ್ಯಯನ, ಆ ಯಂತ್ರ ಎಲ್ಲ ಸರಿಯಾಗಿದೆಯೆಂದು ಹೇಳಿದ ರೋಗಿಗಳ ರಕ್ತವನ್ನು ನೇರವಾಗಿ ಪರೀಕ್ಷಿಸಿತು. ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದವರು ಬಿಳಿಯರಲ್ಲಿ ನೂರಕ್ಕೆ 3.6, ಕರಿಯರಲ್ಲಿ ನೂರಕ್ಕೆ 11.7. ಬೆಳಕನ್ನು ಚರ್ಮದ ಮೂಲಕ ಹಾಯಿಸಿ ಅಳೆಯುವ ಯಂತ್ರವಾದ್ದರಿಂದ ಚರ್ಮದ ಬಣ್ಣ ಅದರ ಲೆಕ್ಕವನ್ನು ಕೆಡಿಸಬಲ್ಲುದು. ಯಾರ ಮೈಯನ್ನು ನೋಡಿ ಯಂತ್ರ ಕಲಿಯಿತೋ ಅವರಿಗೆ ಅದು ಹೆಚ್ಚು ನಿಜ ಹೇಳುತ್ತದೆ. ನಾಳೆ ಯಂತ್ರಬುದ್ಧಿ ನಮ್ಮ ಜಿಲ್ಲಾ ಆಸ್ಪತ್ರೆಗಳಿಗೆ ಬರುವಾಗ, ಅದು ಕಲಿತ ಚಿತ್ರಗಳಲ್ಲಿ ನಮ್ಮ ಹೊಲದಲ್ಲಿ ದುಡಿಯುವವರ, ಗಣಿಯಲ್ಲಿ ದುಡಿಯುವವರ ಎದೆಗೂಡುಗಳಿದ್ದುವೇ ಎಂದು ಕೇಳುವ ಹಕ್ಕು ನಮಗಿದೆ.

ಈಗ ನನ್ನ ಮೊದಲಿನ ಮಾತಿಗೆ ಬರುತ್ತೇನೆ: ಓಲೆ ಮುರಿದ ಕಡೆ ಲಿಪಿಕಾರ ಏನು ಮಾಡಿದ? ಗ್ರಂಥಸಂಪಾದನೆ ಮಾಡಿದವರಿಗೆ ಗೊತ್ತು, ಲಿಪಿಕಾರರಲ್ಲಿ ಎರಡು ತೆರ. ಒಬ್ಬ ಮುರಿದ ಕಡೆ ಸ್ಥಳ ಬಿಟ್ಟು ಮುಂದೆ ಬರೆಯುತ್ತಾನೆ. ಇನ್ನೊಬ್ಬ ಛಂದಸ್ಸಿಗೆ ಹೊಂದುವ ಮಾತನ್ನು ತಾನೇ ಕಲ್ಪಿಸಿ ತುಂಬುತ್ತಾನೆ. ಎರಡನೆಯವನ ಪ್ರತಿ ಓದಲು ಸೊಗಸು. ಸಂಪಾದಕನನ್ನು ದಾರಿತಪ್ಪಿಸುವುದೂ ಅದೇ. ಯಂತ್ರಬುದ್ಧಿಯಲ್ಲಿಯೂ ಈ ಎರಡು ಗುಣಗಳುಂಟು. ಆಲ್ಫಾಫೋಲ್ಡ್ ತಾನು ಊಹಿಸಿದ ಆಕಾರದ ಒಂದೊಂದು ಮಣಿಗೂ ಸೊನ್ನೆಯಿಂದ ನೂರರವರೆಗೆ ಒಂದು ಅಂಕ ಹಾಕಿ, ಇಲ್ಲಿ ನನ್ನನ್ನು ನಂಬಬಹುದು, ಇಲ್ಲಿ ನಂಬಬೇಡಿ ಎಂದು ಸೂಚಿಸುತ್ತದೆ. ಅದು ಮೊದಲನೆಯ ಲಿಪಿಕಾರನ ಪ್ರಾಮಾಣಿಕತೆ. ಕೇಳಿದ್ದಕ್ಕೆಲ್ಲ ಸರಾಗವಾಗಿ ಉತ್ತರ ಹೊಸೆಯುವ ಯಂತ್ರಗಳಲ್ಲಿ ಎರಡನೆಯವನ ಚಾಳಿ ಕಾಣುತ್ತದೆ. ಯಾವುದು ಕಂಡದ್ದು, ಯಾವುದು ತುಂಬಿದ್ದು ಎಂದು ಬೇರ್ಪಡಿಸಬೇಕಾದರೆ ಮೂಲ ಓಲೆ ಎಲ್ಲಾದರೂ ಉಳಿದಿರಬೇಕು. ಅದನ್ನು ಓದಬಲ್ಲವನೊಬ್ಬನಾದರೂ ಬದುಕಿರಬೇಕು.

ನಾನು ಹೇಳಬೇಕಾದದ್ದು ಇಷ್ಟೆ. ಈ ಯಂತ್ರಗಳು ದೊಡ್ಡವು. ಅವನ್ನು ಹಳಿಯುವುದು ಅವಿವೇಕ. ಆದರೆ ಇವೆಲ್ಲ ಲೋಕದ ಅಸಂಖ್ಯಾತ ನೋಟಗಾರರ ಕೂಡಿಟ್ಟ ಗಂಟಿನಿಂದ ಬೆಳೆದಂಥವು. ಬಡ್ಡಿ ಬರುತ್ತಿದೆಯೆಂದು ಅಸಲನ್ನು ಮರೆತರೆ ಮನೆ ಉಳಿಯುವುದಿಲ್ಲ. ಯಂತ್ರಕ್ಕೆ ಕೋಟಿಗಟ್ಟಲೆ ಸುರಿಯುವ ಸರಕಾರಗಳು, ಮಳೆಮಾಪಕಕ್ಕೂ ಬೆಲೂನಿಗೂ ವೀಕ್ಷಣಾಲಯಕ್ಕೂ ಬೇಕಾದ ಅಲ್ಪವನ್ನು ಕಡಿಯಬಾರದು. ವೈದ್ಯ ವಿದ್ಯಾರ್ಥಿ ಯಂತ್ರದ ನೆರವನ್ನು ಪಡೆಯುವುದಕ್ಕೆ ಮೊದಲು ಬರಿಗಣ್ಣಿನಿಂದ ನೋಡಿ ಕಲಿಯಬೇಕು. ಕಲಿತ ಮೇಲೂ ಆಗಾಗ ಯಂತ್ರವನ್ನು ಬದಿಗಿಟ್ಟು ತನ್ನ ಕಣ್ಣನ್ನು ತಾನೇ ಪರೀಕ್ಷಿಸಿಕೊಳ್ಳಬೇಕು. ನಮ್ಮ ಜನದ ದೇಹ, ನಮ್ಮ ನೆಲದ ಮಳೆ, ನಮ್ಮ ಭಾಷೆಯ ಮಾತು ಲೋಕದ ಭಂಡಾರದಲ್ಲಿ ಸೇರುವಂತೆ ನಾವೇ ದುಡಿಯಬೇಕು. ಸೇರದಿದ್ದರೆ ಯಂತ್ರ ನಮ್ಮನ್ನು ಕುರಿತು ಆಡುವುದೆಲ್ಲ ಓಲೆ ಕಾಣದ ಲಿಪಿಕಾರನ ಕಲ್ಪನೆಯಾದೀತು.

ವಿಜ್ಞಾನದ ತರಗತಿಗಳಲ್ಲಿ ಕುಳಿತಿರುವ ನಮ್ಮ ಹುಡುಗ ಹುಡುಗಿಯರಲ್ಲಿ ಯಂತ್ರವನ್ನು ಕಟ್ಟಬೇಕೆಂಬ ಹಂಬಲದವರು ಬಹಳ ಮಂದಿ. ಅವರಲ್ಲಿ ಒಂದಿಬ್ಬರಿಗಾದರೂ, ಬರೆಯಲು ಸೊನ್ನೆಯಲ್ಲದೆ ಬೇರೇನೂ ಇಲ್ಲದ ದಿನವೂ ಹೋಗಿ ಅಳೆದು ಬರೆಯುವ ತಾಳ್ಮೆ ಒಲಿಯಲಿ. ಐವತ್ತು ವರ್ಷಗಳ ಮೇಲೆ ಹುಟ್ಟಬಹುದಾದ ಯಂತ್ರವೊಂದು, ಈಗಿನ ನಮಗೆ ಹೆಸರೂ ತಿಳಿಯದ ಆ ಯಂತ್ರ, ಅವರ ಪುಸ್ತಕವನ್ನು ಹುಡುಕಿಕೊಂಡು ಬರುತ್ತದೆ.